ಎರಡೆಕರೆ ಜಾಗ, ಒಂಬತ್ತು ಪಿಕ್ಸೆಲ್

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಹೆಚ್ಚೂಕಡಿಮೆ ಒಂದೇ ವಿಷಯದ್ದು, ಕಾಂಟೂರ್ ಮ್ಯಾಪ್. ಶಾಲೆಯಲ್ಲಿ ಸಮೋನ್ನತಿ ರೇಖೆ ಅಂತ ಓದಿದ್ವಲ್ಲ, ಒಂದೇ ಎತ್ತರದಲ್ಲಿರೋ ಜಾಗಗಳನ್ನೆಲ್ಲ ಸೇರಿಸಿ ಎಳೆಯೋ ಗೆರೆ, ಅದೇ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ ಇಟ್ಟಿದೀನಿ, ಬೇರೆ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆವರೆಗೆ ದಯವಿಟ್ಟು ಕಾಯಿರಿ.

ಪ್ರಶ್ನೆ: ಸರ್, ನಾವು ಪುಣೆಯ ಕೋಥರೂಡ್‌ನಲ್ಲಿ ಇರೋದು, ಊರು ಹಾವೇರಿ ಕಡೆ. ಮುಳಶಿ ತಾಲೂಕಿನಲ್ಲಿ ಎರಡು ಎಕರೆ ಜಮೀನು ಮಾಡಿದೀವಿ, ಸಾತ್‌ಬಾರಾ (ಇಲ್ಲಿನ ಪಹಣಿ) ಕೂಡ ನಮ್ಮ ಅಪ್ಪಾಜಿ ಹೆಸರಿಗೆ ಆಗಿದೆ. ಜಾಗ ಇಳಿಜಾರು, ಮಳೆಗಾಲದಲ್ಲಿ ಮಣ್ಣೆಲ್ಲ ಕೊಚ್ಕೊಂಡು ಹೋಗತ್ತೆ, ಅದಕ್ಕೆ ಅಡ್ಡಡ್ಡ ಟ್ರೆಂಚ್ ತೆಗೆಸಿ ಕೆಳಗೊಂದು ಕೃಷಿಹೊಂಡ ಮಾಡ್ಬೇಕು ಅಂತ. ನೆಟ್‌ನಲ್ಲಿ 12.5 ಮೀಟರ್ ರೆಸಲ್ಯೂಶನ್ ಇರೋ ಆಲೋಸ್ ಪಾಲ್ಸಾರ್ ಡೆಮ್ (ನೆಲವನ್ನ ಚೌಕ ಚೌಕ ಮಾಡಿ ಒಂದೊಂದಕ್ಕೂ ಎತ್ತರ ಬರೆದ ಫೈಲ್) ಫ್ರೀಯಾಗಿ ಸಿಕ್ತು, ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್‌ನಲ್ಲಿ ಹಾಕಿ 1 ಮೀಟರ್ ಕಾಂಟೂರ್, ಅಂದ್ರೆ ಎತ್ತರ ಒಂದೊಂದು ಮೀಟರ್ ಏರಿದಾಗ ಒಂದು ಗೆರೆ, ತೆಗೆದೆ, ಚೆನ್ನಾಗೇ ಬಂದಿದೆ. ಆದ್ರೆ ಟೋಪೋಶೀಟ್‌ನಲ್ಲಿ (ಸರ್ಕಾರಿ ಸರ್ವೇ ನಕ್ಷೆ) ಇರೋ ಎತ್ತರಕ್ಕೂ ಇದಕ್ಕೂ ಅರವತ್ತು ಚಿಲ್ರೆ ಮೀಟರ್ ವ್ಯತ್ಯಾಸ ಬರ್ತಿದೆ. ಈ ಮ್ಯಾಪ್ ನಂಬಿ ಜೆಸಿಬಿ ಕರೆಸಬಹುದಾ?

ಉತ್ತರ: ಬೇಡ, ಜೆಸಿಬಿ ಕರೆಸ್ಬೇಡಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಇದೇ ತಪ್ಪನ್ನ ಎಷ್ಟೋ ಜನ, ಇಂಜಿನಿಯರಿಂಗ್ ಓದಿದವರೂ ಮಾಡ್ತಾರೆ.

ಮೊದ್ಲು ಆ 12.5ರ ವಿಷಯ. ಆ ಫೈಲಿನಲ್ಲಿರೋ ಎತ್ತರವನ್ನ ಆಲೋಸ್ ಉಪಗ್ರಹ ಅಳೆದದ್ದೇ ಅಲ್ಲ. ಆ ಉಪಗ್ರಹದ ರೇಡಾರ್ ಚಿತ್ರದಲ್ಲಿ ಬೆಟ್ಟಗುಡ್ಡದಿಂದ ಆಗೋ ಸೊಟ್ಟವನ್ನ ಸರಿ ಮಾಡೋಕೆ ಒಂದು ಎತ್ತರದ ಫೈಲ್ ಬೇಕಿತ್ತು, ನಮ್ಮ ಕಡೆಗೆ ಎಸ್‌ಆರ್‌ಟಿಎಂ ಅಂತ ಬಾಹ್ಯಾಕಾಶ ಷಟಲ್‌ನ ರೇಡಾರ್ 2000ದಲ್ಲಿ ಅಳೆದ 30 ಮೀಟರ್ ಡೇಟಾನೇ ತಗೊಂಡು ಅದನ್ನ 12.5 ಮೀಟರ್ ಚೌಕಗಳಾಗಿ ಕತ್ತರಿಸಿ ಚಿತ್ರದ ಜೊತೆ ಇಟ್ಟಿದಾರೆ, ಅಷ್ಟೇ. ಒಂದು ಲೋಟ ಹಾಲನ್ನ ಐದಾರು ಸಣ್ಣ ಲೋಟಕ್ಕೆ ಹಂಚಿದ್ರೆ ಹಾಲು ಜಾಸ್ತಿ ಆಗತ್ತಾ, ಇಲ್ಲ ತಾನೆ. ಎರಡನೇದು, ಆ ಫೈಲಿನ ಎತ್ತರ ಸಮುದ್ರಮಟ್ಟದಿಂದ ಅಳೆದದ್ದಲ್ಲ, ಎಲಿಪ್ಸಾಯ್ಡ್ ಅಂತ ಭೂಮಿಗೆ ಲೆಕ್ಕದಲ್ಲಿ ಕಟ್ಟಿದ ನುಣುಪು ಆಕಾರ ಇದೆಯಲ್ಲ ಅದರಿಂದ ಅಳೆದದ್ದು. ಭಾರತದಲ್ಲಿ ಸಮುದ್ರಮಟ್ಟದ ಮೇಲ್ಮೈ, ಅಂದ್ರೆ ಜಿಯೊಯ್ಡ್, ಆ ಆಕಾರಕ್ಕಿಂತ ಕೆಳಗಿದೆ, ಪುಣೆ ಸುತ್ತ ಅರವತ್ತು ಮೀಟರ್‌ಗೂ ಹೆಚ್ಚು ಕೆಳಗೆ, ಬೆಂಗಳೂರಲ್ಲಿ ಎಂಬತ್ತು ದಾಟತ್ತೆ. ನಿಮಗೆ ಟೋಪೋಶೀಟ್‌ಗಿಂತ ಕಡಿಮೆ ಬರ್ತಿರೋದು ಅದಕ್ಕೇ. ಮೊಬೈಲ್ ಜಿಪಿಎಸ್ ಆಪ್‌ಗಳಲ್ಲಿ ಕೆಲವೊಮ್ಮೆ ಎತ್ತರ ವಿಚಿತ್ರವಾಗಿ ಕಾಣಿಸೋದಕ್ಕೂ ಇದೇ ಕಾರಣ. ಈ ವ್ಯತ್ಯಾಸ ಎರಡೆಕರೆ ಒಳಗೆ ಎಲ್ಲ ಕಡೆ ಒಂದೇ ಥರ ಇರೋದ್ರಿಂದ ಗೆರೆಯ ಆಕಾರ ಏನೂ ಕೆಡಲ್ಲ, ಸಂಖ್ಯೆ ಮಾತ್ರ ತಪ್ಪು. ಆಕಾರ ಕೆಡ್ತಿರೋದು ಬೇರೆ ಕಾರಣಕ್ಕೆ.

ಈಗ ಲೆಕ್ಕ ನೋಡಿ. 30 ಮೀಟರ್ ಪಿಕ್ಸೆಲ್ (ಡೆಮ್‌ನ ಒಂದು ಚೌಕ) ಅಂದ್ರೆ 900 ಚದರ ಮೀಟರ್, ಗುಂಟೆ ಲೆಕ್ಕದಲ್ಲಿ ಸುಮಾರು 9 ಗುಂಟೆ. 9 ಗುಂಟೆಗೆ ಒಂದೇ ಒಂದು ಎತ್ತರದ ಸಂಖ್ಯೆ. ನಿಮ್ಮದು 80 ಗುಂಟೆ, ಅಂದ್ರೆ ಇಡೀ ಜಮೀನಿಗೆ ಒಂಬತ್ತು ಸಂಖ್ಯೆ! ಆ ಒಂಬತ್ತರ ನಡುವೆ ಕಂಪ್ಯೂಟರ್ ತಾನೇ ಊಹೆ ಮಾಡ್ಕೊಂಡು ನಯವಾಗಿ ಗೆರೆ ಎಳೆದಿದೆ, ಅದು ಮ್ಯಾಪ್ ನೋಡೋಕೆ ಚೆನ್ನಾಗಿ ಕಾಣಿಸತ್ತೆ, ಆದ್ರೆ ನಿಮ್ಮ ಜಮೀನಿನ ಮಧ್ಯೆ ಇರೋ ಎರಡಡಿ ಬದು, ನೀರು ಕೊರೆದು ಮಾಡಿರೋ ಹಳ್ಳ, ಒಂದು ಮೂಲೆಯ ಬಂಡೆ, ಇದ್ಯಾವುದೂ ಅದರಲ್ಲಿಲ್ಲ.

ಅದಕ್ಕಿಂತ ಮುಖ್ಯವಾದದ್ದು, ಪಿಕ್ಸೆಲ್ ಸಣ್ಣದಿದ್ರೆ ಎತ್ತರ ನಿಖರ ಅಂತ ಅರ್ಥ ಅಲ್ಲ, ಎರಡೂ ಬೇರೆಬೇರೆ. ಡೇಟಾ ಕೊಡೋರು ಎತ್ತರದ ದೋಷ ಎಷ್ಟು ಅಂತ ಬರೆದಿರ್ತಾರೆ, ಸಾಮಾನ್ಯವಾಗಿ ಎಲ್‌ಇ90 ಅಂತ, ಅಂದ್ರೆ ನೂರಕ್ಕೆ ತೊಂಬತ್ತು ಜಾಗಗಳಲ್ಲಿ ತಪ್ಪು ಇಷ್ಟರೊಳಗೆ ಇರತ್ತೆ ಅನ್ನೋ ಮಾತು. ಅಮೆರಿಕದವರು 1940ರ ದಶಕದಲ್ಲಿ ಮ್ಯಾಪ್‌ಗಳಿಗೆ ಒಂದು ನಿಯಮ ಮಾಡಿದ್ರು, ಪರೀಕ್ಷೆ ಮಾಡಿದ ಜಾಗಗಳಲ್ಲಿ ನೂರಕ್ಕೆ ತೊಂಬತ್ತರ ಎತ್ತರ ಕಾಂಟೂರ್ ಅಂತರದ ಅರ್ಧದೊಳಗೆ ಸರಿ ಇರಬೇಕು ಅಂತ. ಅದನ್ನ ತಿರುಗಿಸಿ ನೋಡಿದ್ರೆ ನಮಗೆ ಬೇಕಾದ ಸೂತ್ರ ಸಿಗತ್ತೆ, ಎಲ್‌ಇ90 ಎಷ್ಟೋ ಅದರ ಎರಡು ಪಟ್ಟು ಅಂತರಕ್ಕಿಂತ ಹತ್ತಿರ ಗೆರೆ ಎಳೀಬಾರದು. ಎಸ್‌ಆರ್‌ಟಿಎಂ ಮಾಡಿದವರು 16 ಮೀಟರ್ ಅಂತ ಗುರಿ ಇಟ್ಕೊಂಡಿದ್ರು, ನಿಜದಲ್ಲಿ ಅದಕ್ಕಿಂತ ಚೆನ್ನಾಗೇ ಬಂತು, ಆದ್ರೂ 20 ಮೀಟರ್ ಕಾಂಟೂರ್‌ಗಿಂತ ಕೆಳಗೆ ಇಳೀಬೇಡಿ. ನಮ್ಮ ಇಸ್ರೋದ ಕಾರ್ಟೋಡೆಮ್, 2005ರಲ್ಲಿ ಹಾರಿಸಿದ ಕಾರ್ಟೋಸ್ಯಾಟ್-1ರ ಜೋಡಿ ಕ್ಯಾಮೆರಾದಿಂದ ಮಾಡಿದ್ದು, ಅವರ ಭುವನ್ ಜಾಲತಾಣದಲ್ಲಿ 30 ಮೀಟರ್‌ನದ್ದು ಫ್ರೀ ಇದೆ, ಅದರ ಎಲ್‌ಇ90 8 ಮೀಟರ್. ಕೋಪರ್ನಿಕಸ್ ಡೆಮ್ ಅಂತ ಯುರೋಪಿನವರದ್ದು, ಟ್ಯಾಂಡೆಮ್-ಎಕ್ಸ್ ಜೋಡಿ ಉಪಗ್ರಹಗಳು 2010ರ ಕೊನೆಯಿಂದ 2015ರವರೆಗೆ ಅಳೆದದ್ದು, 4 ಮೀಟರ್ ಒಳಗೆ. ಫ್ರೀಯಾಗಿ ಸಿಗೋದ್ರಲ್ಲಿ ನನ್ನ ಪ್ರಕಾರ ಸದ್ಯಕ್ಕೆ ಅದೇ ಮೇಲು. ಅಂದ್ರೂ ನಾಲ್ಕರ ಎರಡು ಪಟ್ಟು, 8 ಮೀಟರ್ ಕಾಂಟೂರ್, ಸೇಫ್ ಆಗಿ ಹೇಳ್ಬೇಕಂದ್ರೆ 10 ಮೀಟರ್. ನೀವು ಕೇಳ್ತಿರೋದು 1 ಮೀಟರ್, ಅದಕ್ಕೆ ಎಲ್‌ಇ90 ಅರ್ಧ ಮೀಟರ್ ಒಳಗಿರಬೇಕು. ನಿಮ್ಮ ಜಾಗದ ಈ ಕಡೆಯಿಂದ ಆ ಕಡೆಗೆ ತೊಂಬತ್ತು ಮೀಟರ್, ನೂರಕ್ಕೆ ಎಂಟರ ಇಳಿಜಾರು ಅಂತ ಇಟ್ಕೊಂಡ್ರೆ ಒಟ್ಟು ಇಳಿತವೇ ಏಳು ಮೀಟರ್ ಚಿಲ್ರೆ, ಅದರಲ್ಲಿ ನಾಲ್ಕು ಮೀಟರ್ ತಪ್ಪು ಇರಬಹುದಾದ ಡೇಟಾ ಇಟ್ಕೊಂಡು ಟ್ರೆಂಚ್ ತೆಗೆದ್ರೆ ನೀರು ನಿಲ್ಲೋ ಬದ್ಲು ಟ್ರೆಂಚ್ ಉದ್ದಕ್ಕೇ ಹರಿದು ಒಂದು ಕಡೆ ಒಡೆದುಕೊಂಡು ಹೋಗತ್ತೆ, ಇರೋ ಮಣ್ಣನ್ನೂ ತಗೊಂಡು ಹೋಗತ್ತೆ.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಹಿಂದೆ ನಾನು ಒಂದು ಕನ್ಸಲ್ಟಿಂಗ್ ಆಫೀಸಲ್ಲಿ ಇದ್ದಾಗ ಭೋರ್ ಕಡೆ ಒಂದು ಹಳ್ಳಿಗೆ ಸಣ್ಣ ಇಂಗುಕೆರೆಯ ಕಟ್ಟೆ ಎಲ್ಲಿ ಬರಬೇಕು ಅಂತ 30 ಮೀಟರ್ ಡೇಟಾದಿಂದ 2 ಮೀಟರ್ ಕಾಂಟೂರ್ ತೆಗೆದು ಕೊಟ್ಟೆ. ಕಟ್ಟೆಯ ಒಂದು ತುದಿಗೆ ಆಸರೆಯಾಗಿ ಮ್ಯಾಪ್‌ನಲ್ಲಿ ಚೆಂದದ ದಿಬ್ಬ ಕಾಣ್ತಿತ್ತು. ಜಾಗಕ್ಕೆ ಹೋದ್ರೆ ಅಲ್ಲಿ ದಿಬ್ಬ ಇಲ್ಲ, ಸಮತಟ್ಟು ನೆಲ, ಮೇಲೆ ಹಳೇ ದಟ್ಟ ಮಾವಿನ ಮರಗಳು. ಜೊತೆಗೆ ಬಂದಿದ್ದ ಊರಿನ ಅಜ್ಜ ನನ್ನ ಕೈಲಿದ್ದ ಮ್ಯಾಪ್ ನೋಡಿ, "ಸಾಹೇಬ್, ಹಿತಂ ಟೇಕಡಿ ನ್ಹಾಯಿ, ಆಮರಾಯಿ ಹಾಯ್" ಅಂದ್ರು, ಇಲ್ಲಿ ಗುಡ್ಡ ಇಲ್ಲ ಮಾವಿನ ತೋಪು ಇದೆ ಅಂತ. ರೇಡಾರ್ ಅಲೆ ತೋಪಿನ ಎಲೆಕೊಂಬೆಗೆ ತಾಗಿ ವಾಪಸ್ ಹೋಗಿತ್ತು, ನಾನು ಅದನ್ನ ನೆಲ ಅಂತ ಬರೆದು ಕೊಟ್ಟಿದ್ದೆ. ಪುಣ್ಯಕ್ಕೆ ಕೆಲಸ ಶುರು ಆಗಿರಲಿಲ್ಲ. ಫ್ರೀಯಾಗಿ ಸಿಗೋ ಉಪಗ್ರಹದ ಡೆಮ್‌ಗಳೆಲ್ಲ ಹೆಚ್ಚುಕಡಿಮೆ ಹೀಗೇ, ಮರ ಇದ್ದಲ್ಲಿ ಮರದ ನಡುವಿನ ಅಥವಾ ತಲೆಯ ಎತ್ತರ, ಕಟ್ಟಡ ಇದ್ದಲ್ಲಿ ಚಾವಣಿ. ಕೋಪರ್ನಿಕಸ್‌ನಿಂದ ಮರ, ಮನೆ ಕಳೆದು ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಫ್ಯಾಬ್‌ಡೆಮ್ ಅಂತ ಮಾಡಿದಾರೆ, ಒಳ್ಳೇ ಕೆಲಸ, ಓದೋಕೆ ಸಂಶೋಧನೆಗೆ ಬಳಸಬಹುದು, ಆದ್ರೆ ಅದೂ 30 ಮೀಟರ್ರೇ.

ಹಾಗಾದ್ರೆ ನೀವೇನು ಮಾಡ್ಬೇಕು? ಟ್ರೆಂಚ್ ಅಷ್ಟೇ ಬೇಕು ಅಂದ್ರೆ ನಿಮಗೆ ಮ್ಯಾಪೇ ಬೇಡ. ಗೌಂಡಿಗಳು ಮನೆ ಕಟ್ಟುವಾಗ ಮಟ್ಟ ನೋಡೋ ಪಾರದರ್ಶಕ ಪೈಪ್ ಇರತ್ತಲ್ಲ, ಲೆವೆಲ್ ಪೈಪ್, ಅದನ್ನ ಹದಿನೈದು ಇಪ್ಪತ್ತು ಮೀಟರ್ ತಗೊಳ್ಳಿ. ಒಂದೇ ಎತ್ತರದ ಎರಡು ಕೋಲಿಗೆ ಟೇಪಿನಿಂದ ಸೆಂಟಿಮೀಟರ್ ಗುರುತು ಹಾಕಿ ಪೈಪಿನ ಎರಡು ತುದಿ ಕಟ್ಟಿ, ನೀರು ತುಂಬಿಸಿ, ಗುಳ್ಳೆ ಒಂದೂ ಇರಬಾರದು, ಒಂದು ಗುಳ್ಳೆ ಇದ್ರೂ ಮಟ್ಟ ತಪ್ಪತ್ತೆ, ಅದಕ್ಕೆ ಪೈಪನ್ನ ಬೆರಳಿನಿಂದ ತಟ್ಟುತ್ತಾ ತುದಿವರೆಗೆ ಬನ್ನಿ. ಒಬ್ಬರು ಗೂಟದ ಹತ್ರ ಕೋಲು ಹಿಡ್ಕೊಂಡು ನಿಲ್ಲಿ, ಇನ್ನೊಬ್ಬರು ಆ ಕಡೆ ಮೇಲೆ ಕೆಳಗೆ ಸರಿಯುತ್ತಾ ಎರಡೂ ಕೋಲಿನಲ್ಲಿ ನೀರು ಒಂದೇ ಗುರುತಿಗೆ ಬಂದು ನಿಂತ ಜಾಗದಲ್ಲಿ ಗೂಟ ಹೊಡೀರಿ, ಮತ್ತೆ ಅಲ್ಲಿಂದ ಮುಂದೆ. ಗೂಟಗಳನ್ನ ಸುಣ್ಣದ ಪುಡಿಯಿಂದ ಸೇರಿಸಿ, ಅದೇ ಕಾಂಟೂರ್, ನೆಲದ ಮೇಲೇ ಬರೆದಿದ್ದು, ಒಂದೆರಡು ಸೆಂಟಿಮೀಟರ್ ನಿಖರತೆಗೆ. ಮನೆಯವರೆಲ್ಲ ಸೇರಿದ್ರೆ ಎರಡು ದಿನದ ಕೆಲಸ.

ಕೃಷಿಹೊಂಡಕ್ಕೆ ಎಷ್ಟು ಮಣ್ಣು ತೆಗೀಬೇಕು ಅನ್ನೋ ಲೆಕ್ಕ ಬೇಕು ಅಂದ್ರೆ ಮ್ಯಾಪ್ ಬೇಕು. ಆಗ ಆಟೋ ಲೆವೆಲ್ (ಮೂರುಕಾಲಿನ ಸ್ಟ್ಯಾಂಡ್ ಮೇಲಿಟ್ಟು ಮಟ್ಟ ನೋಡೋ ದುರ್ಬೀನು) ಬಾಡಿಗೆಗೆ ತಂದು 10 ಮೀಟರ್‌ಗೊಂದರಂತೆ ಪಾಯಿಂಟ್ ತಗೊಳ್ಳಿ, ನಿಮ್ಮ ಜಾಗಕ್ಕೆ ಸುಮಾರು ನೂರು ಪಾಯಿಂಟ್ ಆಗತ್ತೆ, ಹಳ್ಳ ಬದು ಬಂದಲ್ಲಿ ಹೆಚ್ಚಿಗೆ ತಗೊಳ್ಳಿ. ಡ್ರೋನ್ ಸರ್ವೇನೂ ಮಾಡಿಸಬಹುದು, ನೆಲದ ಮೇಲೆ ಸರಿಯಾಗಿ ಅಳೆದ ಗುರುತುಗಳನ್ನ ಇಟ್ಟು ಹಾರಿಸಿದ್ರೆ ಬರೀ ನೆಲದಲ್ಲಿ ಹತ್ತು ಸೆಂಟಿಮೀಟರ್ ಆಸುಪಾಸಿನ ನಿಖರತೆ ಸಿಗತ್ತೆ. ಆದ್ರೆ ಎರಡೆಕರೆಗೆ ಅದು ದುಬಾರಿ, ಮತ್ತೆ ಹುಲ್ಲು ಆಳೆತ್ತರ ಬೆಳೆದಾಗ ಹಾರಿಸಿದ್ರೆ ಹುಲ್ಲಿನ ಕಾಂಟೂರ್ ಬರತ್ತೆ, ಫೆಬ್ರವರಿಯಿಂದ ಮೇ ಒಳಗೆ ಮಾಡಿಸಿ. ಪುಣೆ ಸುತ್ತ ಲೋಹಗಾಂವ್ ವಾಯುನೆಲೆ, ಖಡಕ್‌ವಾಸ್ಲಾ ಎನ್‌ಡಿಎ ಎಲ್ಲ ಇರೋದ್ರಿಂದ ಡ್ರೋನ್ ಎಲ್ಲಿ ಹಾರಿಸಬಹುದು ಅಂತ ಬಣ್ಣದಲ್ಲಿ ತೋರಿಸೋ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ಅಂತ ನೋಡದೆ ಯಾರಿಗೂ ಹಾರಿಸೋಕೆ ಹೇಳ್ಬೇಡಿ.

ಪ್ರಶ್ನೆ: ಸರ್, 30 ಮೀಟರ್ ಡೆಮ್‌ನ 5 ಮೀಟರ್‌ಗೆ ರೀಸ್ಯಾಂಪಲ್ ಮಾಡಿ, ಅಂದ್ರೆ ಇನ್ನೂ ಸಣ್ಣ ಚೌಕಗಳಾಗಿ ಒಡೆದು, ಕಾಂಟೂರ್ ತೆಗೆದ್ರೆ ಡೀಟೇಲ್ ಜಾಸ್ತಿ ಸಿಗತ್ತಾ? ಪ್ರಾಜೆಕ್ಟ್ ಗೈಡ್ ಹಾಗೆ ಮಾಡು ಅಂದಿದಾರೆ. (ಸಿವಿಲ್ ವಿದ್ಯಾರ್ಥಿ, ಚಿಂಚವಡ್)

ಉತ್ತರ: ಸಿಗಲ್ಲಪ್ಪ. ಗೆರೆ ನುಣುಪಾಗತ್ತೆ, ಅದು ಬೇಕು ಅಂದ್ರೆ ಮಾಡು, ತಪ್ಪಿಲ್ಲ, ಆದ್ರೆ ರಿಪೋರ್ಟಿನಲ್ಲಿ ಮೂಲ ಡೇಟಾ 30 ಮೀಟರ್ ಅಂತಾನೇ ಬರಿ. ಗೈಡ್ ಹತ್ರ ವಾದ ಬೇಡ, ಮೇಲಿನ ಎಲ್‌ಇ90 ಲೆಕ್ಕ ತೋರಿಸು, ಅವ್ರಿಗೂ ಅರ್ಥ ಆಗತ್ತೆ. ಇನ್ನೊಂದು ಲೆಕ್ಕ ವಾಲ್ಡೊ ಟಾಬ್ಲರ್ ಅನ್ನೋ ಭೂಗೋಳ ವಿಜ್ಞಾನಿ ಹೇಳಿದ್ದು, ಮ್ಯಾಪಿನ ಸ್ಕೇಲ್‌ನ ಸಂಖ್ಯೆಯನ್ನ 1000ದಿಂದ ಭಾಗಿಸಿ ಅದರ ಅರ್ಧ ಮಾಡಿದ್ರೆ ಎಷ್ಟು ಮೀಟರ್ ಪಿಕ್ಸೆಲ್ ಬೇಕು ಅಂತ ಗೊತ್ತಾಗತ್ತೆ. 1:50,000ಕ್ಕೆ 25 ಮೀಟರ್, 1:1,000ಕ್ಕೆ ಅರ್ಧ ಮೀಟರ್. ನಿನ್ನ 30 ಮೀಟರ್ ಡೇಟಾ 1:60,000ಕ್ಕೆ ಸರಿ.

ಪ್ರಶ್ನೆ: ನಾವು ಡೊಂಬಿವಲಿಯ ಏಳೆಂಟು ಜನ ಕನ್ನಡಿಗರು ಪ್ರತಿ ತಿಂಗಳು ಸಹ್ಯಾದ್ರಿಯಲ್ಲಿ ಟ್ರೆಕ್ ಹೋಗ್ತೀವಿ. ನಮ್ಮದೇ ಕಾಂಟೂರ್ ಮ್ಯಾಪ್ ಪ್ರಿಂಟ್ ಮಾಡ್ಕೊಂಡು ಹೋಗೋಣ ಅಂತ ಆಸೆ. ಇದಕ್ಕೂ ಡ್ರೋನ್ ಬೇಕು ಅಂತೀರಾ?

ಉತ್ತರ: ಖಂಡಿತ ಬೇಡ, ನಿಮಗೆ ಫ್ರೀ ಡೇಟಾನೇ ಸಾಕು, ಮತ್ತೆ ನಿಮ್ಮ ಆಸೆ ನನಗೆ ತುಂಬಾ ಇಷ್ಟ ಆಯ್ತು. ಸರ್ವೇ ಆಫ್ ಇಂಡಿಯಾದ 1:50,000 ಟೋಪೋಶೀಟ್‌ನಲ್ಲೂ ಸಾಮಾನ್ಯವಾಗಿ 20 ಮೀಟರ್ ಕಾಂಟೂರ್ರೇ ಇರೋದು. ಕೋಪರ್ನಿಕಸ್ 30 ತಗೊಳ್ಳಿ, ಕ್ಯೂಜಿಐಎಸ್‌ನಲ್ಲಿ ಮೊದ್ಲು ಯುಟಿಎಂ (ಅಕ್ಷಾಂಶ ರೇಖಾಂಶದ ಬದ್ಲು ಮೀಟರ್‌ನಲ್ಲಿ ಜಾಗ ಗುರುತಿಸೋ ಪದ್ಧತಿ) 43 ಉತ್ತರ ವಲಯಕ್ಕೆ ಬದಲಾಯಿಸ್ಕೊಳ್ಳಿ, ಮುಂಬೈ ಪುಣೆ ಗೋವಾ ಮೂರೂ ಅದರಲ್ಲೇ ಬರ್ತವೆ, ಆಮೇಲೆ 20 ಮೀಟರ್ ಕಾಂಟೂರ್, ಪ್ರತಿ ಐದನೇ ಗೆರೆ ದಪ್ಪ. ಎಸ್‌ಆರ್‌ಟಿಎಂ ಯಾಕೆ ಬೇಡ ಅಂದ್ರೆ, 2000ದ ಫೆಬ್ರವರಿಯಲ್ಲಿ ಎಂಡೆವರ್ ಷಟಲ್‌ನಿಂದ ಹನ್ನೊಂದು ದಿನದಲ್ಲಿ ಅಳೆದದ್ದು ಅದು, ರೇಡಾರ್ ಓರೆಯಾಗಿ ನೋಡೋದ್ರಿಂದ ಘಟ್ಟದ ಕಡಿದಾದ ಗೋಡೆಗಳ ಹಿಂದೆ ನೆರಳು ಬಿದ್ದು ಮೂಲ ಡೇಟಾದಲ್ಲಿ ಖಾಲಿ ಜಾಗಗಳಿದ್ವು, ಆಮೇಲೆ ಬೇರೆ ಡೇಟಾದಿಂದ ತುಂಬಿದಾರೆ. ಎತ್ತರವೂ ಪೂರ್ಣಾಂಕದ ಮೀಟರ್‌ನಲ್ಲಿ, ಸಪಾಟು ಜಾಗದಲ್ಲಿ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಬರತ್ತೆ.

ಆದ್ರೆ ಒಂದು ವಿಷಯದಲ್ಲಿ ನಿಮ್ಮನ್ನ ತಡೀಲೇಬೇಕು. ಸಹ್ಯಾದ್ರಿ ಅಂದ್ರೆ ಲಾವಾ ಪದರದ ಮೇಲೆ ಪದರ, ಹಾಗಾಗಿ ಬೆಟ್ಟಗಳೆಲ್ಲ ಮೆಟ್ಟಿಲಿನ ಆಕಾರ, ಒಂದಿಷ್ಟು ಸಪಾಟು, ಆಮೇಲೆ ನೆಟ್ಟಗೆ ಗೋಡೆ, ಮತ್ತೆ ಸಪಾಟು. 20 ಮೀಟರ್ ಎತ್ತರದ ನೇರ ಗೋಡೆ ಒಂದು ಪಿಕ್ಸೆಲ್‌ಗೂ ಪಕ್ಕದ ಪಿಕ್ಸೆಲ್‌ಗೂ ನಡುವೆ ಬಂತು ಅಂತ ಇಟ್ಕೊಳ್ಳಿ, 30 ಮೀಟರ್ ದೂರಕ್ಕೆ 20 ಮೀಟರ್ ಇಳಿತ, ಮ್ಯಾಪ್‌ನಲ್ಲಿ ಅದು 34 ಡಿಗ್ರಿ ಇಳಿಜಾರು. 34 ಡಿಗ್ರಿ ಅಂದ್ರೆ ಹುಲ್ಲು ಹಿಡ್ಕೊಂಡು ಇಳೀಬಹುದು ಅನ್ನಿಸತ್ತೆ. ಅಲ್ಲಿ ಹೋಗಿ ನೋಡಿದ್ರೆ ಆರೇಳು ಮಹಡಿ ಕಟ್ಟಡದ ಅಂಚಲ್ಲಿ ನಿಂತ ಹಾಗೆ. ಹರಿಶ್ಚಂದ್ರಗಡದ ಕೊಂಕಣ ಕಡಾದಂಥ ದೊಡ್ಡದು ಮ್ಯಾಪ್‌ನಲ್ಲಿ ಗೆರೆಗಳು ಒತ್ತೊತ್ತಾಗಿ ಬಂದು ತಾನೇ ಎಚ್ಚರಿಕೆ ಕೊಡತ್ತೆ, ನನಗೆ ಭಯ ಇರೋದು ಈ ಸಣ್ಣ ಗೋಡೆಗಳ ಬಗ್ಗೆ. ಮಂಜು ಮುಸುಕಿದಾಗ, ದಾರಿ ತಪ್ಪಿದಾಗ, ಮ್ಯಾಪ್‌ನಲ್ಲಿ ಗೆರೆ ವಿರಳವಾಗಿದೆ ಅಂತ ಯಾವತ್ತೂ ನೇರ ಇಳೀಬೇಡಿ, ಬಂದ ಕಾಲುದಾರಿಯಲ್ಲೇ ವಾಪಸ್ ಹೋಗಿ. ಮ್ಯಾಪಿನ ಕೆಳಗೆ ಈ ಮಾತನ್ನ ದಪ್ಪಕ್ಷರದಲ್ಲಿ ಪ್ರಿಂಟ್ ಮಾಡಿ, ಊರವರು ಹೇಳಿದ ಗೋಡೆಗಳನ್ನ ಕೆಂಪು ಪೆನ್ನಿಂದ ಕೈಯಾರೆ ಗುರುತು ಹಾಕ್ತಾ ಹೋಗಿ.

ಪ್ರಶ್ನೆ: ಸರ, ನಮಸ್ಕಾರ್ರಿ. ನಾ ವಾಸ್ಕೋದಾಗ ಹುಟ್ಟಿ ಬೆಳದಾಕಿ, ಅಪ್ಪ ಅವ್ವ ಗದಗ ಕಡೆಯವ್ರು. ಆರ್ಕಿಟೆಕ್ಚರ್ ಕಡೀ ವರ್ಷದ ಥೀಸಿಸ್‌ಗೆ ಮಾಂಡವಿ ದಂಡಿ ಮ್ಯಾಲಿನ ಒಂದು ಖಾಜನ್ ಜಮೀನ ತೊಗೊಂಡೀನ್ರಿ. ಭರತದ ನೀರು ಎಲ್ಲಿ ತನಕಾ ಬರ್ತದ ಅಂತ ತೋರ್ಸಾಕ ಅರ್ಧ ಮೀಟರ್ ಕಾಂಟೂರ್ ಬೇಕು. ಯಾವ ಡೇಟಾ ಡೌನ್‌ಲೋಡ್ ಮಾಡ್ಲಿ?

ಉತ್ತರ: ತಂಗಿ, ಖಾಜನ್ ಅಂದ್ರೆ ಗೊತ್ತಿಲ್ಲದ ಓದುಗರಿಗೆ ಮೊದ್ಲು ಹೇಳ್ಬಿಡ್ತೀನಿ. ಗೋವಾದ ನದಿಗಳ ಪಕ್ಕ, ಉಪ್ಪುನೀರು ಬರೋ ತಗ್ಗು ಜಾಗಕ್ಕೆ ಮಣ್ಣಿನ ಬಾಂಧ್ ಕಟ್ಟಿ, ಮಾನಸ್ ಅನ್ನೋ ತೂಬಿನ ಬಾಗಿಲಿನಿಂದ ನೀರನ್ನ ಬೇಕಾದಷ್ಟೇ ಒಳಗೆ ಬಿಟ್ಟು ಹೊರಗೆ ಬಿಟ್ಟು ಭತ್ತ, ಮೀನು ಬೆಳೀತಾ ಬಂದಿರೋ ಬಹಳ ಹಳೇ ಪದ್ಧತಿ. ಭರತ ಬಂದಾಗ ಹೊರಗಿನ ನೀರು ಒಳಗಿನ ಗದ್ದೆಗಿಂತ ಮೇಲಿರತ್ತೆ, ಬಾಂಧ್ ಒಂದೇ ತಡೆಯೋದು.

ಡೌನ್‌ಲೋಡ್ ಮಾಡೋಕೆ ನಿನಗೆ ಯಾವುದೂ ಇಲ್ಲ. ಗೋವಾದಲ್ಲಿ ದೊಡ್ಡ ಭರತ ಇಳಿತದ ವ್ಯತ್ಯಾಸವೇ ಸುಮಾರು 2 ಮೀಟರ್, ನಿನ್ನ ಪೂರ್ತಿ ಕಥೆ ಆ ಎರಡು ಮೀಟರ್ ಒಳಗೆ ನಡೆಯೋದು, 4 ಮೀಟರ್ ತಪ್ಪಿರಬಹುದಾದ ಡೇಟಾದಲ್ಲಿ ಅದು ಕಾಣೋದೇ ಇಲ್ಲ. ಬಾಂಧ್ ನಾಲ್ಕೈದು ಮೀಟರ್ ಅಗಲ ಇದ್ರೆ 30 ಮೀಟರ್ ಪಿಕ್ಸೆಲ್‌ನಲ್ಲಿ ಕರಗಿಹೋಗತ್ತೆ. ಹೊರಗಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ದಟ್ಟವಾಗಿರೋ ಕಡೆ ಗಿಡದ ಎತ್ತರ ನೆಲ ಅಂತ ಬಂದು, ನೀರು ನುಗ್ಗೋ ಜಾಗವೇ ಗುಡ್ಡದ ಥರ ಕಾಣಿಸತ್ತೆ, ಭೋರ್‌ನಲ್ಲಿ ನನಗೆ ಆದದ್ದೇ. ಇಂಥ ಮ್ಯಾಪ್ ಇಟ್ಕೊಂಡು ಯಾರಾದ್ರೂ ಈ ಮನೆ ಸೇಫ್, ಆ ಮನೆ ಮುಳುಗತ್ತೆ ಅಂತ ಹೇಳಿದ್ರೆ ನಂಬಬೇಡ, ನೀನೂ ಹೇಳ್ಬೇಡ.

ನೀನು ಮಾಡಬೇಕಾದ್ದು ಅಳತೆ. ಕಾಲೇಜಿನ ಸರ್ವೇ ಲ್ಯಾಬಿನಲ್ಲಿ ಆಟೋ ಲೆವೆಲ್ ಇದ್ರೆ ಕೇಳು, ಅದು ಆಗಲ್ಲ ಅಂದ್ರೆ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯೋ ಆರ್‌ಟಿಕೆ ಜಿಪಿಎಸ್ ಇರೋರನ್ನ ಹುಡುಕು. ಬಾಂಧ್ ಮೇಲೆ ಪ್ರತಿ 20 ಮೀಟರ್‌ಗೊಂದು ಪಾಯಿಂಟ್, ಮಾನಸ್‌ನ ಹೊಸ್ತಿಲಿನ ಎತ್ತರ ಕಡ್ಡಾಯ, ಗದ್ದೆಯೊಳಗೆ ಎರಡು ಮೂರು ಅಡ್ಡ ಸಾಲು, ಬಾಂಧ್ ಎಲ್ಲಿ ಕುಸಿದಿದೆಯೋ ಅಲ್ಲಿ ಒತ್ತಾಗಿ. ಖಾಜನ್‌ನಲ್ಲಿ ಕಾಂಟೂರ್‌ಗಿಂತ ಇಂಥ ಒಂದೊಂದು ಪಾಯಿಂಟಿನ ಎತ್ತರ ಬರೆದ ಮ್ಯಾಪೇ ಹೆಚ್ಚು ಉಪಯೋಗಕ್ಕೆ ಬರತ್ತೆ, ಯಾಕಂದ್ರೆ ನೀರು ನುಗ್ಗೋದು ಬಾಂಧ್‌ನ ಅತಿ ತಗ್ಗಿನ ಒಂದು ಜಾಗದಿಂದ, ಸರಾಸರಿ ಎತ್ತರದಿಂದ ಅಲ್ಲ.

ಇನ್ನೊಂದು, ಇದರಲ್ಲಿ ಬಹಳ ಜನ ಎಡವ್ತಾರೆ. ಮೊರ್ಮುಗಾವ್ ಬಂದರಿನ ಭರತದ ಪಟ್ಟಿಯಲ್ಲಿ ಇವತ್ತು ನೀರು ಇಷ್ಟು ಮೀಟರ್ ಅಂತ ಬರೆದಿರ್ತಾರಲ್ಲ, ಅದು ಸರಾಸರಿ ಸಮುದ್ರಮಟ್ಟದಿಂದ ಅಲ್ಲ, ಚಾರ್ಟ್ ಡೇಟಮ್ ಅಂತ ಹಡಗಿನವರು ಇಟ್ಕೊಂಡಿರೋ ಸುಮಾರು ಅತಿ ಇಳಿತದ ಮಟ್ಟದಿಂದ. ನೀನು ಸರ್ವೇ ಬೆಂಚ್‌ಮಾರ್ಕಿನಿಂದ (ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಗೊತ್ತಿರೋ ಗುರುತು) ಎತ್ತರ ತಂದು ಅದಕ್ಕೆ ಈ ಸಂಖ್ಯೆಯನ್ನ ನೇರ ಹೋಲಿಸಿದ್ರೆ ನೀರು ನಿಜಕ್ಕಿಂತ ಒಂದು ಮೀಟರ್‌ಗೂ ಹೆಚ್ಚು ಮೇಲೆ ಬಂದು ಅರ್ಧ ಊರು ಮುಳುಗಿದ ಹಾಗೆ ಕಾಣತ್ತೆ. ಸುಲಭದ ದಾರಿ ಹೇಳ್ತೀನಿ, ಮಾನಸ್‌ನ ಕಲ್ಲಿನ ಗೋಡೆಯ ಹೊರಮೈಗೆ ಒಂದು ಅಳತೆಪಟ್ಟಿ ಕಟ್ಟು, ಅಮಾವಾಸ್ಯೆ ಅಥವಾ ಹುಣ್ಣಿಮೆ ಸುತ್ತಿನ ಎರಡು ದಿನ ಅಲ್ಲೇ ಕೂತು ಪ್ರತಿ ಅರ್ಧ ಗಂಟೆಗೊಮ್ಮೆ ನೀರಿನ ಮಟ್ಟ ಬರ್ಕೊ, ಅದೇ ಪಟ್ಟಿಯ ಸೊನ್ನೆಯಿಂದ ಬಾಂಧ್‌ನ ಎತ್ತರವನ್ನೂ ಅಳಿ. ಆಗ ಯಾವ ಡೇಟಮ್‌ನ ಗೋಜೂ ಇಲ್ಲ, ನಿನ್ನ ನೀರು, ನಿನ್ನ ಬಾಂಧ್, ಎರಡೂ ಒಂದೇ ಪಟ್ಟಿಯಲ್ಲಿ. ಮಾನಸ್ ನೋಡ್ಕೊಳ್ಳೋ ಮನುಷ್ಯ ಯಾರು ಅಂತ ಮೊದ್ಲೇ ವಿಚಾರಿಸಿ ಅವರನ್ನ ಕೇಳ್ಕೊಂಡೇ ಹೋಗು, ಕಳೆದ ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಗೋಡೆ ಮೇಲಿನ ಕಲೆ ತೋರಿಸ್ತಾರೆ, ಆ ಕಲೆಯ ಎತ್ತರವನ್ನೂ ಅಳೆದು ತಾರೀಖಿನ ಜೊತೆ ಬರೆದಿಟ್ಕೊ. ಥೀಸಿಸ್ ಮುಗಿದ ಮೇಲೆ ಮ್ಯಾಪಿನ ಒಂದು ಪ್ರತಿ ಅವರಿಗೂ ಕೊಡು.